ಈ ಕೈ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ: ವಾರ್ಡಿನಲ್ಲಿ ಸೋಂಕು ತಡೆಯುವ ಮೊದಲ ಪಾಠಗಳು

ಹೊಸದಾಗಿ ಡ್ಯೂಟಿಗೆ ಸೇರಿದವರಿಗೆ ಸೋಂಕು ತಡೆ ಅಂದ ಕೂಡಲೇ ನೆನಪಾಗುವುದು ಗ್ಲೌಸ್, ಮಾಸ್ಕ್, ಮೂಗಿಗೆ ಹೊಡೆಯುವ ಫಿನಾಯಿಲ್ ವಾಸನೆ. ಇವೆಲ್ಲ ಇದ್ದೂ ವಾರ್ಡಿನಲ್ಲಿ ಸೋಂಕು ಹರಡುತ್ತದೆ. ಯಾಕೆಂದರೆ ರೋಗಾಣುಗಳನ್ನು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವುದು ಹೆಚ್ಚಾಗಿ ನಮ್ಮ ಕೈಗಳೇ. ಅದಕ್ಕೇ ಇಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತೇನೆ: ಈ ಕೈ ಈಗ ಏನನ್ನು ಮುಟ್ಟಿ ಬಂತು, ಮುಂದೆ ಏನನ್ನು ಮುಟ್ಟಲಿದೆ? ಕೆಲಸ ಮಾಡುವಾಗ ಈ ಪ್ರಶ್ನೆ ತಲೆಯಲ್ಲಿ ಓಡುತ್ತಿದ್ದರೆ ಅರ್ಧದಷ್ಟು ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ.

ಇದು ನರ್ಸ್‌ಗಳಿಗೆ ಮಾತ್ರ ಬರೆದದ್ದಲ್ಲ. ರಕ್ತ ತೆಗೆಯುವವರು, ಡ್ರೆಸ್ಸಿಂಗ್ ಮಾಡುವವರು, ಸ್ಟ್ರೆಚರ್ ತಳ್ಳುವವರು, ನೆಲ ಒರೆಸುವವರು, ರೌಂಡ್ಸ್‌ಗೆ ಬರುವ ವೈದ್ಯರು, ಎಲ್ಲರಿಗೂ ಇದು ಅನ್ವಯಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕ ನೋಡಿ. ಆಸ್ಪತ್ರೆಗೆ ದಾಖಲಾದ 100 ರೋಗಿಗಳಲ್ಲಿ, ಶ್ರೀಮಂತ ದೇಶಗಳಲ್ಲಿ ಸುಮಾರು 7 ಮಂದಿಗೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು 15 ಮಂದಿಗೆ ಆಸ್ಪತ್ರೆಯಲ್ಲೇ ಕನಿಷ್ಠ ಒಂದು ಹೊಸ ಸೋಂಕು ತಗಲುತ್ತದೆ. ಹಾಗೆ ಸೋಂಕು ತಗಲಿದವರಲ್ಲಿ ಸರಾಸರಿ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. ಇವರು ಬೇರೆ ಯಾವುದೋ ಕಾಯಿಲೆ ವಾಸಿಯಾಗಲಿ ಅಂತ ಬಂದವರು. ನನಗೆ ಈ ವಿಷಯ ಇಷ್ಟು ಮುಖ್ಯ ಅನ್ನಿಸುವುದು ಅದಕ್ಕೇ.

ಶುದ್ಧ ಅಂದರೆ ಎರಡು ಬಗೆ

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಮೆಡಿಕಲ್ ಅಸೆಪ್ಸಿಸ್ ಅಂದರೆ ರೋಗಾಣುಗಳ ಸಂಖ್ಯೆ ಕಡಿಮೆ ಮಾಡಿ, ಅವು ಒಬ್ಬರಿಂದ ಇನ್ನೊಬ್ಬರಿಗೆ ದಾಟದ ಹಾಗೆ ನೋಡಿಕೊಳ್ಳುವುದು. ಕೈ ತೊಳೆಯುವುದು, ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ಶುಚಿ ಮಾಡುವುದು, ಮಾತ್ರೆ ಕೊಡುವುದು ಎಲ್ಲ ಈ ಲೆಕ್ಕಕ್ಕೆ ಬರುತ್ತವೆ. ಸರ್ಜಿಕಲ್ ಅಸೆಪ್ಸಿಸ್ ಬೇರೆ. ಅಲ್ಲಿ ಒಂದು ರೋಗಾಣುವೂ ಇರಬಾರದು, ಅದರ ಬೀಜಕಣ (ಕೆಲವು ಬ್ಯಾಕ್ಟೀರಿಯಾ ಗಟ್ಟಿ ಕವಚದೊಳಗೆ ಅಡಗಿರುವ ರೂಪ) ಕೂಡ ಇರಬಾರದು. ಆಪರೇಷನ್, ಯೂರಿನ್ ಕ್ಯಾತಿಟರ್ (ಮೂತ್ರಕೋಶದ ಟ್ಯೂಬ್) ಹಾಕುವುದು, ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗಿನ ಟ್ಯೂಬ್) ಹಾಕುವುದು ಇಲ್ಲಿಗೆ ಸೇರುತ್ತವೆ.

ಒಂದೇ ಶಿಫ್ಟಿನಲ್ಲಿ ನಾವು ಎರಡನ್ನೂ ಮಾಡುತ್ತೇವೆ, ಗಲಿಬಿಲಿ ಆಗುವುದೂ ಅಲ್ಲೇ. ಸ್ಟೆರೈಲ್ (ಒಂದು ರೋಗಾಣುವೂ ಇಲ್ಲದ) ಗ್ಲೌಸ್ ಹಾಕಿಕೊಂಡ ಕೈ ಹಾಸಿಗೆಯ ಅಂಚಿಗೆ ತಾಗಿದರೆ ಆ ಗ್ಲೌಸ್ ಇನ್ನು ಸ್ಟೆರೈಲ್ ಅಲ್ಲ. ನೋಡಲು ಎಷ್ಟೇ ಶುಭ್ರವಾಗಿದ್ದರೂ ಅಲ್ಲ. ತಾಗಿತೋ ಇಲ್ಲವೋ ಅಂತ ಅನುಮಾನ ಬಂದರೆ ತಾಗಿತು ಅಂತಲೇ ತಿಳಿದು ಬದಲಿಸಿ. ಇದು ಸರ್ಜಿಕಲ್ ಅಸೆಪ್ಸಿಸ್ ವಿಷಯವಾದ್ದರಿಂದ ಹೆಚ್ಚು ಬೆಳೆಸುವುದಿಲ್ಲ, ಈ ಬರಹ ಮುಖ್ಯವಾಗಿ ಮೊದಲನೆಯದರ ಬಗ್ಗೆ.

ಸೋಂಕು ಹರಡಬೇಕಾದರೆ ಆರು ಕೊಂಡಿಗಳು ಸೇರಬೇಕು: ರೋಗಾಣು, ಅದು ವಾಸವಿರುವ ಜಾಗ, ಅಲ್ಲಿಂದ ಹೊರಬೀಳುವ ದಾರಿ, ಸಾಗುವ ಬಗೆ, ಇನ್ನೊಂದು ದೇಹದೊಳಗೆ ಹೋಗುವ ದಾರಿ, ಕೊನೆಗೆ ತಡೆದುಕೊಳ್ಳುವ ಶಕ್ತಿ ಇಲ್ಲದ ಒಬ್ಬ ವ್ಯಕ್ತಿ. ಒಂದು ಕೊಂಡಿ ಕಳಚಿದರೂ ಸರಪಳಿ ಮುರಿಯುತ್ತದೆ. ರೋಗಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಇದೆ, ಕೀಮೋ ನಡೆಯುತ್ತಿದೆ ಅನ್ನುವುದನ್ನು ನಾವು ಬದಲಿಸಲು ಆಗುವುದಿಲ್ಲ. ಸಾಗುವ ದಾರಿಯನ್ನು ಕತ್ತರಿಸುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲೇ ಇದೆ.

ಕೈ: ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ

1847ರಲ್ಲಿ ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಒಂದು ವಿಚಿತ್ರ ಗಮನಿಸಿದರು. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರು ನೋಡಿಕೊಳ್ಳುವ ವಿಭಾಗಕ್ಕಿಂತ ವೈದ್ಯರು ಮತ್ತು ವಿದ್ಯಾರ್ಥಿಗಳು ನೋಡಿಕೊಳ್ಳುವ ವಿಭಾಗದಲ್ಲಿ ಬಾಣಂತಿಯರು ಎಷ್ಟೋ ಪಟ್ಟು ಜಾಸ್ತಿ ಸಾಯುತ್ತಿದ್ದರು. ವ್ಯತ್ಯಾಸ ಇಷ್ಟೇ: ವೈದ್ಯರು ಶವ ಕೊಯ್ದು ಪರೀಕ್ಷೆ ಮಾಡಿ, ಅದೇ ಕೈಯಲ್ಲಿ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಅಂತ ಅವರು ಕಡ್ಡಾಯ ಮಾಡಿದ ಮೇಲೆ, ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವಿನ ಪ್ರಮಾಣ ಕೆಲವೇ ತಿಂಗಳಲ್ಲಿ ಶೇ. 2ರ ಆಸುಪಾಸಿಗೆ ಇಳಿಯಿತು. ರೋಗಾಣು ಅಂದರೆ ಏನು ಅಂತ ಆಗಿನ್ನೂ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರು ಕೇಳಿಕೊಂಡದ್ದೂ ಇದೇ ಪ್ರಶ್ನೆ, ಈ ಕೈ ಎಲ್ಲಿಂದ ಬಂತು?

ಯಾವಾಗ ಕೈ ಶುಚಿ ಮಾಡಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭ ಹೇಳುತ್ತದೆ. ರೋಗಿಯನ್ನು ಮುಟ್ಟುವ ಮೊದಲು. ಸೂಜಿ, ಡ್ರೆಸ್ಸಿಂಗ್, ಕ್ಯಾತಿಟರ್‌ನಂಥ ಶುದ್ಧ ಕೆಲಸಕ್ಕೆ ಕೈ ಹಾಕುವ ಮೊದಲು. ರಕ್ತ, ಮೂತ್ರ, ಕಫದಂಥ ದೇಹದ್ರವ ತಾಗಿರಬಹುದಾದ ಕೆಲಸ ಆದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಮೊದಲಿನ ಎರಡು ರೋಗಿಯನ್ನು ಕಾಪಾಡುತ್ತವೆ, ಉಳಿದ ಮೂರು ನಿಮ್ಮನ್ನೂ ಮುಂದಿನ ರೋಗಿಯನ್ನೂ ಕಾಪಾಡುತ್ತವೆ.

ಐದನೆಯದನ್ನು ದಯವಿಟ್ಟು ಗಮನಿಸಿ, ಎಲ್ಲರೂ ಮರೆಯುವುದು ಅದನ್ನೇ. ರೋಗಿಯನ್ನು ಮುಟ್ಟಲೇ ಇಲ್ಲ, ಸುಮ್ನೆ ಡ್ರಿಪ್ ಸ್ಟ್ಯಾಂಡ್ ಸರಿಸಿದೆ, ಮಾನಿಟರ್ ಅಲಾರಂ ನಿಲ್ಲಿಸಿದೆ, ಹಾಸಿಗೆಯ ಕಂಬಿ ಎತ್ತಿದೆ ಅಂತ ಅನ್ನಿಸುತ್ತದೆ. ಆದರೆ ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಬದುಕಿರಬಲ್ಲದು. ಔಷಧಕ್ಕೆ ಬಗ್ಗದ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಕೂಡ ಒಣ ಮೇಲ್ಮೈಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಆ ಕಂಬಿಯೂ ರೋಗಿಯ ಭಾಗವೇ ಅಂತ ತಿಳಿಯಿರಿ.

ಸೋಪೋ, ಹ್ಯಾಂಡ್‌ರಬ್ಬೋ? ಕೈ ಕಣ್ಣಿಗೆ ಕೊಳೆಯಾಗಿ ಕಾಣದಿದ್ದರೆ ಹ್ಯಾಂಡ್‌ರಬ್ ಸಾಕು, ಅದೇ ಒಳ್ಳೆಯದು ಕೂಡ. ಬೇಗ ಮುಗಿಯುತ್ತದೆ, ಸಿಂಕ್ ಹುಡುಕಿಕೊಂಡು ಹೋಗಬೇಕಿಲ್ಲ, ಚರ್ಮಕ್ಕೂ ಸೋಪಿಗಿಂತ ಕಡಿಮೆ ತೊಂದರೆ. ಅದರಲ್ಲಿ ಆಲ್ಕೋಹಾಲ್ ಕನಿಷ್ಠ ಶೇ. 60 ಇರಬೇಕು, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ ಶೇ. 80 ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಶೇ. 75 ಇರುತ್ತದೆ. ಕೈಯಲ್ಲಿ ರಕ್ತ ಅಥವಾ ಕೊಳೆ ಕಾಣುತ್ತಿದ್ದರೆ, ಶೌಚಕ್ಕೆ ಹೋಗಿ ಬಂದಿದ್ದರೆ, ರೋಗಿಗೆ ಸಿ. ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ಭೇದಿ ಇದ್ದರೆ ಸೋಪು ಮತ್ತು ನೀರೇ ಬೇಕು. ಸಿ. ಡಿಫಿಸೈಲ್‌ನ ಬೀಜಕಣಗಳನ್ನು ಆಲ್ಕೋಹಾಲ್ ಕೊಲ್ಲುವುದಿಲ್ಲ, ಅವನ್ನು ಉಜ್ಜಿ ನೀರಿನಲ್ಲಿ ಹರಿಸಿಬಿಡಬೇಕು ಅಷ್ಟೇ.

ಹ್ಯಾಂಡ್‌ರಬ್ ಆದರೆ ಅಂಗೈ ತುಂಬುವಷ್ಟು ಹಾಕಿಕೊಂಡು 20ರಿಂದ 30 ಸೆಕೆಂಡು, ಪೂರ್ತಿ ಒಣಗುವ ತನಕ ಉಜ್ಜಿ. ಐದೇ ಸೆಕೆಂಡಿಗೆ ಒಣಗಿತು ಅಂದರೆ ನೀವು ಹಾಕಿಕೊಂಡದ್ದು ಕಡಿಮೆ. ಸೋಪಿನಲ್ಲಾದರೆ ಮೊದಲಿನಿಂದ ಕೊನೆಯ ತನಕ 40ರಿಂದ 60 ಸೆಕೆಂಡು. ಮೊದಲು ಕೈ ಒದ್ದೆ ಮಾಡಿ, ಆಮೇಲೆ ಸೋಪು. ಅಂಗೈಗೆ ಅಂಗೈ, ಬಲ ಅಂಗೈ ಎಡಗೈಯ ಹಿಂಬದಿಯ ಮೇಲೆ, ಎಡ ಅಂಗೈ ಬಲಗೈಯ ಹಿಂಬದಿಯ ಮೇಲೆ, ಬೆರಳು ಬೆರಳಿನ ಸಂದು, ಬೆರಳು ಮಡಚಿ ಅದರ ಹಿಂಬದಿ, ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಿ, ಕೊನೆಗೆ ಬೆರಳ ತುದಿಗಳನ್ನು ಅಂಗೈಯಲ್ಲಿ ಉಜ್ಜಿ. ಬಿಟ್ಟುಹೋಗುವುದು ಯಾವಾಗಲೂ ಹೆಬ್ಬೆರಳು ಮತ್ತು ಬೆರಳ ತುದಿ. ರೋಗಿಯನ್ನು ಮೊದಲು ಮುಟ್ಟುವುದೂ ಅವೇ ಅಲ್ವಾ?

ತೊಳೆಯುವಾಗ ಬೆರಳು ಕೆಳಗೆ, ಮೊಣಕೈ ಮೇಲೆ ಇರಲಿ, ಕೊಳೆನೀರು ಬೆರಳ ಕಡೆಗೇ ಇಳಿದು ಸಿಂಕ್‌ಗೆ ಬೀಳಲಿ. ಆಪರೇಷನ್ ಸ್ಕ್ರಬ್‌ನಲ್ಲಿ ಇದು ಉಲ್ಟಾ, ಅಲ್ಲಿ ಕೈ ಮೇಲೆತ್ತಿ ಹಿಡಿಯುತ್ತಾರೆ, ಯಾಕೆಂದರೆ ಅಲ್ಲಿ ಬೆರಳುಗಳೇ ಅತಿ ಶುದ್ಧವಾಗಿರಬೇಕಾದ ಜಾಗ. ಬಿಸಿನೀರು ಬೇಡ, ಚರ್ಮ ಒಡೆಯುತ್ತದೆ. ಚೆನ್ನಾಗಿ ಒರೆಸಿ ಒಣಗಿಸಿ, ಒದ್ದೆ ಕೈಯಿಂದ ರೋಗಾಣು ಸುಲಭವಾಗಿ ದಾಟುತ್ತದೆ. ನಲ್ಲಿಯನ್ನು ಕೊಳೆ ಕೈಯಲ್ಲಿ ತಿರುಗಿಸಿದ್ದೀರಿ, ನೆನಪಿರಲಿ, ಹಾಗಾಗಿ ಕೈ ಒರೆಸಿದ ಪೇಪರ್‌ನಿಂದಲೇ ಅದನ್ನು ಮುಚ್ಚಿ. ಎಲ್ಲರೂ ಒರೆಸಿಕೊಳ್ಳುವ ಒಂದೇ ಬಟ್ಟೆ ಟವೆಲ್ ಸಿಂಕ್ ಪಕ್ಕದಲ್ಲಿ ನೇತಾಡುತ್ತಿದ್ದರೆ ಮೊದಲು ಅದನ್ನು ತೆಗೆಸಿ. ಇಷ್ಟೆಲ್ಲ ತೊಳೆದದ್ದು ಆ ಒಂದು ಬಟ್ಟೆಯಲ್ಲಿ ನೀರಿಗೆ ಹೋಯಿತು.

ಉಗುರು ಅರ್ಧ ಸೆಂಟಿಮೀಟರ್ ಮೀರಬಾರದು. ಅಂಟಿಸುವ ಉಗುರು ಬೇಡವೇ ಬೇಡ. ಉಂಗುರ, ಬಳೆ, ವಾಚು ಕೆಲಸದ ಹೊತ್ತಿನಲ್ಲಿ ತೆಗೆದಿಡಿ, ಅಂಗಿಯ ತೋಳು ಮೊಣಕೈವರೆಗೆ ಮಡಚಿರಲಿ. ಕೈ ಒಣಗಿ ಬಿರುಕು ಬಿಡುತ್ತಿದ್ದರೆ ಲೋಷನ್ ಹಚ್ಚಿ. ಬಿರುಕು ಬಿಟ್ಟ ಕೈಯಲ್ಲಿ ರೋಗಾಣು ಜಾಸ್ತಿ ನೆಲೆಸುತ್ತದೆ, ಉರಿಯುತ್ತದೆ ಅಂತ ನೀವೇ ಆಮೇಲೆ ತೊಳೆಯುವುದನ್ನು ಕಡಿಮೆ ಮಾಡುತ್ತೀರಿ.

ಗ್ಲೌಸ್ ಮೇಲೆ ಅತಿ ನಂಬಿಕೆ ಬೇಡ

ಗ್ಲೌಸ್ ಹಾಕಿಕೊಂಡವರಿಗೆ ತಮ್ಮ ಕೈ ಶುದ್ಧ ಅನ್ನಿಸುತ್ತದೆ. ನಿಜ, ಒಳಗಿನ ಕೈ ಶುದ್ಧ. ಹೊರಗಿನ ಗ್ಲೌಸ್? ಡ್ರೆಸ್ಸಿಂಗ್ ಬಿಚ್ಚಿದ ಗ್ಲೌಸ್‌ನಲ್ಲೇ ಪರದೆ ಎಳೆದು, ಪೆನ್ನು ತೆಗೆದು, ಕೇಸ್ ಶೀಟ್ ತಿರುವಿ, ಫೋನ್ ಎತ್ತಿದರೆ, ಗಾಯದಲ್ಲಿದ್ದದ್ದು ಈಗ ಇಷ್ಟೂ ಕಡೆ ಕೂತಿದೆ. ಆ ಫೋನನ್ನು ಆಮೇಲೆ ನೀವು ಬರಿಗೈಯಲ್ಲಿ ಹಿಡಿದು ಮುಖಕ್ಕೆ ಒತ್ತಿಕೊಳ್ಳುತ್ತೀರಿ.

ರಕ್ತ, ದೇಹದ್ರವ, ಗಾಯವಾದ ಚರ್ಮ, ಬಾಯಿ ಮೂಗಿನ ಒಳಪದರ, ಕೊಳೆಯಾದ ವಸ್ತು ಮುಟ್ಟಬೇಕಾದಾಗ ಗ್ಲೌಸ್ ಬೇಕು. ಬಿಪಿ ನೋಡಲು, ಜ್ವರ ನೋಡಲು, ಊಟದ ತಟ್ಟೆ ಕೊಡಲು ಸಾಮಾನ್ಯವಾಗಿ ಬೇಡ. ಒಬ್ಬ ರೋಗಿಗೆ ಒಂದು ಜೊತೆ. ಅದೇ ರೋಗಿಯಲ್ಲೂ ಕೊಳೆ ಜಾಗದಿಂದ ಶುದ್ಧ ಜಾಗಕ್ಕೆ ಹೋಗುವಾಗ ಬದಲಿಸಿ, ಡೈಪರ್ ಬದಲಿಸಿದ ಗ್ಲೌಸ್‌ನಲ್ಲಿ ಕ್ಯಾನುಲಾ (ರಕ್ತನಾಳಕ್ಕೆ ಹಾಕಿದ ಸಣ್ಣ ಕೊಳವೆ) ಮುಟ್ಟಬಾರದು. ಗ್ಲೌಸ್ ಮೇಲೆ ಹ್ಯಾಂಡ್‌ರಬ್ ಹಾಕಿ ಮುಂದಿನ ರೋಗಿಗೆ ಹೋಗುವ ಅಭ್ಯಾಸ ಕೆಲವರಿಗಿದೆ, ಅದನ್ನು ಬಿಟ್ಟುಬಿಡಿ. ಹಾಕಿಕೊಳ್ಳುವ ಮೊದಲೂ ತೆಗೆದ ಮೇಲೂ ಕೈ ಶುಚಿ ಮಾಡಿ. ಕಣ್ಣಿಗೆ ಕಾಣದ ತೂತುಗಳಿರುತ್ತವೆ, ತೆಗೆಯುವಾಗ ಕೈಗೆ ತಾಗುವುದಂತೂ ಇದ್ದೇ ಇದೆ.

ಗೌನ್, ಮಾಸ್ಕ್, ಕನ್ನಡಕ

ಇಡೀ ಪಿಪಿಇ (ಮೈ ಕಾಯುವ ಉಡುಪು, ಸಾಧನಗಳು) ಬೇಕಾದಾಗ ಹಾಕಿಕೊಳ್ಳುವ ಕ್ರಮ: ಗೌನ್, ಮಾಸ್ಕ್ ಅಥವಾ ಎನ್95 (ಸಣ್ಣ ಕಣಗಳನ್ನೂ ಸೋಸುವ ಬಿಗಿ ಮಾಸ್ಕ್), ಕಣ್ಣಿನ ರಕ್ಷಣೆ, ಕೊನೆಗೆ ಗೌನ್‌ನ ತೋಳಿನ ಮೇಲೆ ಬರುವ ಹಾಗೆ ಗ್ಲೌಸ್. ತೆಗೆಯುವಾಗ ಮೊದಲು ಗ್ಲೌಸ್, ಆಮೇಲೆ ಕನ್ನಡಕ ಅಥವಾ ಫೇಸ್ ಶೀಲ್ಡ್, ಆಮೇಲೆ ಗೌನ್, ಎಲ್ಲಕ್ಕಿಂತ ಕೊನೆಗೆ ಮಾಸ್ಕ್. ಅತಿ ಕೊಳೆಯಾದದ್ದು ಮೊದಲು ಹೋಗಬೇಕು, ಉಸಿರಾಟ ಕಾಯುವುದು ಕೊನೆಯ ತನಕ ಇರಬೇಕು. ಕಾರಣ ಗೊತ್ತಿದ್ದರೆ ಕ್ರಮ ಮರೆಯುವುದಿಲ್ಲ.

ಹಾಕಿಕೊಳ್ಳುವಾಗ ಯಾರಿಗೂ ಸೋಂಕು ತಗಲುವುದಿಲ್ಲ, ಅಪಾಯ ಇರುವುದು ತೆಗೆಯುವಾಗ, ಅದೂ ಸುಸ್ತಾಗಿ ಬೆವರಿ ಒಮ್ಮೆ ಕಿತ್ತೆಸೆದರೆ ಸಾಕು ಅನ್ನಿಸುವ ಹೊತ್ತಿನಲ್ಲಿ. ನಿಧಾನವಾಗಿ ತೆಗೆಯಿರಿ. ಗ್ಲೌಸ್ ತೆಗೆಯುವಾಗ ಒಂದರ ಹೊರಭಾಗವನ್ನು ಇನ್ನೊಂದು ಗ್ಲೌಸ್‌ನಿಂದ ಹಿಡಿದು ಒಳಮಗ್ಗುಲಾಗಿ ಎಳೆಯಿರಿ, ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ಬರಿ ಬೆರಳನ್ನು ಎರಡನೆಯದರ ಒಳಗೆ ತೂರಿಸಿ ಅದನ್ನೂ ಮಗುಚಿ ತೆಗೆಯಿರಿ. ಗೌನ್ ಮತ್ತು ಮಾಸ್ಕ್ ಎರಡಕ್ಕೂ ಮುಂಭಾಗ ಕೊಳೆ, ಹಿಂದಿನ ದಾರ ಶುದ್ಧ ಅಂತ ಲೆಕ್ಕ. ಕೈಗೆ ಏನಾದರೂ ತಾಗಿತು ಅನ್ನಿಸಿದರೆ ಮಧ್ಯದಲ್ಲೇ ನಿಲ್ಲಿಸಿ ಕೈ ಶುಚಿ ಮಾಡಿ ಮುಂದುವರಿಯಿರಿ. ಎಲ್ಲ ಮುಗಿದ ಮೇಲೆ ಇನ್ನೊಮ್ಮೆ.

ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ಮಾತಾಡಿ ಮತ್ತೆ ಮೇಲೇರಿಸಿಕೊಳ್ಳುವುದು ಬೇಡ. ಎನ್95 ಆದರೆ ಮುಖಕ್ಕೆ ಅಂಟಿ ಕೂರಬೇಕು, ಹಾಕಿದ ಪ್ರತಿ ಸಲ ಜೋರಾಗಿ ಉಸಿರು ಬಿಟ್ಟು ಅಂಚಿನಿಂದ ಗಾಳಿ ಸೋರುತ್ತಿದೆಯಾ ನೋಡಿ. ಗಡ್ಡ ಇದ್ದರೆ ಅದು ಸರಿಯಾಗಿ ಕೂರುವುದಿಲ್ಲ.

ಯಾರಿಗೆ ಎಷ್ಟು ಎಚ್ಚರ

ಸ್ಟ್ಯಾಂಡರ್ಡ್ ಪ್ರಿಕಾಷನ್ಸ್, ಅಂದರೆ ಕೈ ಶುಚಿ, ಗ್ಲೌಸ್‌ನಂಥ ಮೂಲ ಎಚ್ಚರಿಕೆಗಳು, ಎಲ್ಲ ರೋಗಿಗಳಿಗೂ, ಎಲ್ಲ ಹೊತ್ತಿನಲ್ಲೂ. ಎಚ್‌ಐವಿ ಪಾಸಿಟಿವ್ ಅಂತ ಗೊತ್ತಾದವರ ಹತ್ತಿರ ಎರಡೆರಡು ಗ್ಲೌಸ್ ಹಾಕಿ, ರಿಪೋರ್ಟ್ ಬರದವರ ಹತ್ತಿರ ಬರಿಗೈಯಲ್ಲಿ ರಕ್ತ ತೆಗೆಯುವುದು ಎರಡು ರೀತಿಯಲ್ಲಿ ತಪ್ಪು. ಒಬ್ಬರಿಗೆ ಅವಮಾನ, ಇನ್ನೊಬ್ಬರ ಹತ್ತಿರ ನಿಮಗೇ ಅಪಾಯ. ರಿಪೋರ್ಟ್ ಏನೇ ಇರಲಿ, ರಕ್ತ ಅಂದರೆ ರಕ್ತ.

ಇದರ ಮೇಲೆ ರೋಗ ಸಾಗುವ ದಾರಿ ನೋಡಿ ಹೆಚ್ಚಿನ ಎಚ್ಚರ ಸೇರುತ್ತದೆ. ಮುಟ್ಟುವುದರಿಂದ ಹರಡುವ ಸಿ. ಡಿಫಿಸೈಲ್, ಕಜ್ಜಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದ್ದರೆ ಗ್ಲೌಸ್, ಗೌನ್, ಆ ರೋಗಿಗೇ ಮೀಸಲಾದ ಬಿಪಿ ಕಫ್ ಮತ್ತು ಥರ್ಮಾಮೀಟರ್. ಕೆಮ್ಮಿನ ಹನಿಗಳಿಂದ ಹರಡುವ ಫ್ಲೂ, ನಾಯಿಕೆಮ್ಮು ಇದ್ದರೆ ಹತ್ತಿರ ಹೋಗುವಾಗ ಸರ್ಜಿಕಲ್ ಮಾಸ್ಕ್. ಗಾಳಿಯಲ್ಲಿ ತೇಲಿ ಹರಡುವ ಕ್ಷಯ, ದಡಾರ, ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು) ಇದ್ದರೆ ನಿಮಗೆ ಎನ್95, ರೋಗಿಗೆ ಬೇರೆ ಕೋಣೆ. ಆ ಕೋಣೆಯ ಗಾಳಿ ವರಾಂಡಕ್ಕೆ ಬರದೆ ಹೊರಕ್ಕೆ ಹೋಗಬೇಕು. ನೆಗೆಟಿವ್ ಪ್ರೆಷರ್ ಕೋಣೆ (ಗಾಳಿ ವಾರ್ಡಿಗೆ ಸೋರದಂತೆ ಒಳಗಿನ ಒತ್ತಡ ಕಡಿಮೆ ಇಟ್ಟ ಕೋಣೆ) ಇದ್ದರೆ ಗಂಟೆಗೆ 12 ಸಲ ಗಾಳಿ ಬದಲಾಗಬೇಕು, ಬಾಗಿಲು ಮುಚ್ಚಿರಬೇಕು. ಅದಿಲ್ಲದಿದ್ದರೆ ವಾರ್ಡಿನ ಕಡೆಯ ಬಾಗಿಲು ಮುಚ್ಚಿ, ಹೊರಗಿನ ಕಿಟಕಿಗಳನ್ನು ಪೂರ್ತಿ ತೆರೆದಿಡಿ. ಕೋಣೆಯಿಂದ ಹೊರಗೆ ಕರೆದೊಯ್ಯುವಾಗ ರೋಗಿಗೆ ಸರ್ಜಿಕಲ್ ಮಾಸ್ಕ್ ಹಾಕಿಸಿ.

ಸೂಜಿ

ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಬಗ್ಗಿಸಬೇಡಿ, ಕೈಯಿಂದ ಸಿರಿಂಜ್‌ನಿಂದ ಬೇರೆ ಮಾಡಬೇಡಿ, ಹಾಸಿಗೆಯ ಮೇಲೆ ಅಥವಾ ಕಿಡ್ನಿ ಟ್ರೇಯಲ್ಲಿ ಹತ್ತಿಯ ಕೆಳಗೆ ಬಿಟ್ಟು ಹೋಗಬೇಡಿ. ಆ ಟ್ರೇ ತೊಳೆಯುವವರ ಕೈಗೆ ಅದು ಚುಚ್ಚುತ್ತದೆ. ಬಳಸಿದವರೇ, ಬಳಸಿದ ಕೂಡಲೇ, ತೂತು ಬೀಳದ ಡಬ್ಬಕ್ಕೆ ಹಾಕಬೇಕು, ಡಬ್ಬ ಕೈಗೆಟಕುವ ಜಾಗದಲ್ಲಿರಬೇಕು. ಮುಕ್ಕಾಲು ತುಂಬಿದ ತಕ್ಷಣ ಮುಚ್ಚಿ ಬದಲಿಸಿ, ಇನ್ನೊಂದು ಹಿಡಿಯುತ್ತದೆ ಅಂತ ಒತ್ತಿ ತುರುಕುವಾಗಲೇ ಎಷ್ಟೋ ಜನರಿಗೆ ಚುಚ್ಚಿರುವುದು.

ಚುಚ್ಚಿದರೆ? ಹಿಂಡಬೇಡಿ, ಬಾಯಿಗಿಡಬೇಡಿ, ಸ್ಪಿರಿಟ್ ಅಥವಾ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ಇರುವ ಬ್ಲೀಚ್ ದ್ರವ) ಸುರಿಯಬೇಡಿ. ಹರಿಯುವ ನೀರು ಮತ್ತು ಸೋಪಿನಲ್ಲಿ ತೊಳೆಯಿರಿ. ಕಣ್ಣಿಗೆ ಹಾರಿದ್ದರೆ ನೀರು ಅಥವಾ ಸಲೈನ್‌ನಲ್ಲಿ ಚೆನ್ನಾಗಿ ತೊಳೆಯಿರಿ. ಆ ಕೂಡಲೇ ತಿಳಿಸಿ, ಡ್ಯೂಟಿ ಮುಗಿಯಲಿ ಅಂತ ಕಾಯಬೇಡಿ. ಎಚ್‌ಐವಿ ತಡೆಯುವ ಔಷಧ ಬೇಕಾದರೆ ಅದು ಗಂಟೆಗಳ ಲೆಕ್ಕದಲ್ಲಿ ಶುರುವಾಗಬೇಕು, 72 ಗಂಟೆ ದಾಟಿದರೆ ಕೊಡುವುದಿಲ್ಲ, ಶುರು ಮಾಡಿದರೆ 28 ದಿನ ಪೂರ್ತಿ ತೆಗೆದುಕೊಳ್ಳಬೇಕು. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ, ಔಷಧ ತೆಗೆದುಕೊಳ್ಳದಿದ್ದರೂ, ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ. 6ರಿಂದ 30. ಎಲ್ಲರೂ ಹೆದರುವುದು ಎಚ್‌ಐವಿಗೆ, ಆದರೆ ಜಾಸ್ತಿ ಸುಲಭವಾಗಿ ತಗಲುವುದು ಲಸಿಕೆಯಿಂದ ತಡೆಯಬಹುದಾದ ಹೆಪಟೈಟಿಸ್ ಬಿ. 0, 1, 6 ತಿಂಗಳಿಗೆ ಮೂರು ಡೋಸ್ ಹಾಕಿಸಿಕೊಳ್ಳಿ. ಮುಗಿದು ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಪ್ರತಿಕಾಯ ಮಿಲಿಲೀಟರಿಗೆ 10 mIU ಅಥವಾ ಅದಕ್ಕಿಂತ ಮೇಲಿದೆಯಾ ನೋಡಿಕೊಳ್ಳಿ. ಇಂದೇ ನಿಮ್ಮ ಹಳೆಯ ಕಾರ್ಡ್ ಹುಡುಕಿ ನೋಡಿ.

ಇಂಜೆಕ್ಷನ್‌ಗೆ ಒಂದೇ ಮಾತು: ಒಂದು ಸೂಜಿ, ಒಂದು ಸಿರಿಂಜ್, ಒಬ್ಬರಿಗೆ, ಒಂದೇ ಸಲ. ಸೂಜಿ ಬದಲಿಸಿ ಸಿರಿಂಜ್ ಉಳಿಸಿಕೊಂಡರೆ ಆಗುವುದಿಲ್ಲ, ರಕ್ತ ಸಿರಿಂಜ್‌ನೊಳಗೂ ಹೋಗಿರುತ್ತದೆ. ಒಂದೇ ಡೋಸ್‌ನ ವಯಲ್ (ಔಷಧದ ಪುಟ್ಟ ಬಾಟಲಿ) ಇಬ್ಬರಿಗೆ ಹಂಚಬೇಡಿ. ಹಲವು ಡೋಸ್‌ನ ವಯಲ್ ತೆರೆದ ದಿನ ಅದರ ಮೇಲೆ ಬರೆಯಿರಿ, ತಯಾರಕರು ಬೇರೆ ಹೇಳದಿದ್ದರೆ 28 ದಿನಕ್ಕೆ ಎಸೆಯಿರಿ, ಅದರ ರಬ್ಬರಿಗೆ ಸೂಜಿ ಚುಚ್ಚಿ ಹಾಗೇ ಬಿಡಬೇಡಿ.

ಟ್ಯೂಬುಗಳು

ದೇಹದೊಳಗೆ ಹೋಗುವ ಪ್ರತಿ ಟ್ಯೂಬೂ ರೋಗಾಣುವಿಗೆ ತೆರೆದ ಬಾಗಿಲು. ಹಾಗಾಗಿ ದಿನಾ ಕೇಳಬೇಕಾದ ಪ್ರಶ್ನೆ, ಇದು ಇವತ್ತೂ ಬೇಕಾ? ಬೇಡ ಅಂದ ದಿನವೇ ತೆಗೆಸಿ. ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಸ್ಟ್ರೆಚರ್‌ನಲ್ಲಿ ಸಾಗಿಸುವಾಗ ಬ್ಯಾಗ್ ಎತ್ತಿ ರೋಗಿಯ ಹೊಟ್ಟೆಯ ಮೇಲಿಡುವುದನ್ನು ಎಲ್ಲೆಡೆ ನೋಡುತ್ತೇವೆ, ಬ್ಯಾಗಿನ ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಖಾಲಿ ಮಾಡುವಾಗ ಪ್ರತಿ ರೋಗಿಗೆ ಬೇರೆ ಪಾತ್ರೆ, ನಳಿಕೆಯ ತುದಿ ಪಾತ್ರೆಗೆ ತಾಗಬಾರದು. ಕ್ಯಾನುಲಾದಲ್ಲಿ ಔಷಧ ಕೊಡುವ ಮೊದಲು ಅದರ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ 10–15 ಸೆಕೆಂಡು ಉಜ್ಜಿ, ಒಣಗಲು ಬಿಡಿ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಕೂಡ ಹಾಗೇ, ಅದು ಕೆಲಸ ಮಾಡುವುದು ಒಣಗುವ ಹೊತ್ತಿನಲ್ಲಿ. ಊದಿ ಒಣಗಿಸಬೇಡಿ. ವೆಂಟಿಲೇಟರ್‌ನಲ್ಲಿರುವವರ ತಲೆಭಾಗ, ಬೇರೆ ಅಡ್ಡಿ ಇಲ್ಲದಿದ್ದರೆ, 30ರಿಂದ 45 ಡಿಗ್ರಿ ಎತ್ತರಿಸಿರಲಿ.

ತೊಳೆಯುವುದು ಮೊದಲು, ಕೊಲ್ಲುವುದು ಆಮೇಲೆ

ಕೊಳೆ ತೆಗೆಯದೆ ಹೈಪೋ ಸುರಿಯುವುದು ತುಕ್ಕಿನ ಮೇಲೆ ಬಣ್ಣ ಬಳಿದ ಹಾಗೆ. ರಕ್ತ, ಕೀವು, ಮಲದಲ್ಲಿರುವ ಸಾವಯವ ಅಂಶ ಕ್ಲೋರಿನ್ ಅನ್ನು ತಿಂದುಹಾಕುತ್ತದೆ, ರೋಗಾಣುವಿನ ತನಕ ಅದು ತಲುಪುವುದೇ ಇಲ್ಲ. ಮೊದಲು ಸೋಪುನೀರು, ಆಮೇಲೆ ಹೈಪೋ.

ಹೈಪೋ ಬೆರೆಸುವ ಲೆಕ್ಕ ಕಲಿತುಕೊಳ್ಳಿ, ಕಣ್ಣಂದಾಜು ಬೇಡ. ಬಾಟಲಿಯ ಮೇಲಿರುವ ಶೇಕಡಾವನ್ನು ನಿಮಗೆ ಬೇಕಾದ ಶೇಕಡಾದಿಂದ ಭಾಗಿಸಿ, ಒಂದು ಕಳೆಯಿರಿ. ಬಂದದ್ದು ಒಂದು ಪಾಲು ಹೈಪೋಗೆ ಎಷ್ಟು ಪಾಲು ನೀರು ಅನ್ನುವುದು. ಬಾಟಲಿ ಶೇ. 5, ಬೇಕಾದದ್ದು ಶೇ. 0.5 ಅಂದರೆ 10, ಒಂದು ಕಳೆದರೆ 9. ಒಂದು ಲೀಟರಿಗೆ 100 ಮಿಲಿ ಹೈಪೋ, 900 ಮಿಲಿ ನೀರು. ರಕ್ತ ಚೆಲ್ಲಿದ ಜಾಗಕ್ಕೆ ಇದು. ಸಾಮಾನ್ಯ ಮೇಲ್ಮೈಗೆ ಶೇ. 0.1 ಸಾಕು, ಅಂದರೆ 20 ಮಿಲಿಗೆ 980 ಮಿಲಿ ನೀರು. ದಿನಾ ಹೊಸದಾಗಿ ಬೆರೆಸಿ, ಬೆರೆಸಿದ ಹೊತ್ತು ಬರೆದಿಡಿ, 24 ಗಂಟೆ ಆದ ಮೇಲೆ ಚೆಲ್ಲಿ. ಆಸಿಡ್ ಅಥವಾ ಅಮೋನಿಯಾ ಇರುವ ಯಾವುದನ್ನೂ ಅದಕ್ಕೆ ಬೆರೆಸಬೇಡಿ, ವಿಷಗಾಳಿ ಬರುತ್ತದೆ. ಚೆಲ್ಲಿದ ಮೂತ್ರದ ಮೇಲೆ ನೇರ ಸುರಿಯುವುದೂ ಅದಕ್ಕೇ ಬೇಡ.

ರಕ್ತ ಚೆಲ್ಲಿದರೆ ಗ್ಲೌಸ್ ಹಾಕಿಕೊಳ್ಳಿ, ಗಾಜಿನ ಚೂರಿದ್ದರೆ ಚಿಮಟದಿಂದ ತೆಗೆಯಿರಿ, ಪೇಪರ್ ಅಥವಾ ಬಟ್ಟೆಯಿಂದ ರಕ್ತ ಹೀರಿಸಿ ಕಸಕ್ಕೆ ಹಾಕಿ, ಸೋಪುನೀರಿನಿಂದ ಒರೆಸಿ. ಆಮೇಲೆ ಶೇ. 0.5ರ ಹೈಪೋ ಹಾಕಿ 10 ನಿಮಿಷ ಬಿಡಿ. ಹಾಕಿದ ಕೂಡಲೇ ಒರೆಸಿಬಿಟ್ಟರೆ ನೆಲ ಹೊಳೆಯುತ್ತದೆ, ರೋಗಾಣು ಸಾಯುವುದಿಲ್ಲ.

ಒರೆಸುವ ದಿಕ್ಕು: ಮೇಲಿನಿಂದ ಕೆಳಕ್ಕೆ, ಶುದ್ಧ ಜಾಗದಿಂದ ಕೊಳೆ ಜಾಗಕ್ಕೆ, ಶೌಚಾಲಯ ಕೊನೆಗೆ. ಒಣ ಪೊರಕೆ ಆಡಿಸಬೇಡಿ, ಧೂಳಿನ ಜೊತೆ ರೋಗಾಣು ಎದ್ದು ಗಾಳಿಗೆ ಸೇರುತ್ತದೆ. ನೆಲಕ್ಕಿಂತ ಜಾಸ್ತಿ ಗಮನ ಕೈ ತಾಗುವ ಜಾಗಗಳಿಗೆ ಬೇಕು: ಬಾಗಿಲ ಹಿಡಿ, ಹಾಸಿಗೆ ಕಂಬಿ, ಸ್ವಿಚ್, ಕರೆಗಂಟೆ, ಕೀಬೋರ್ಡ್, ಡ್ರಿಪ್ ಪಂಪ್‌ನ ಗುಂಡಿ. ಬಳಸಿದ ಹಾಸಿಗೆ ಬಟ್ಟೆಯನ್ನು ಕೊಡವಬೇಡಿ, ಎದೆಗೆ ಅವಚಿಕೊಳ್ಳಬೇಡಿ, ನೆಲಕ್ಕೆ ಹಾಕಬೇಡಿ. ಕೊಳೆಭಾಗ ಒಳಗಾಗುವಂತೆ ಸುತ್ತಿ ಅಲ್ಲೇ ಚೀಲಕ್ಕೆ ಹಾಕಿ. ಕಸದ ಬಣ್ಣದ ಡಬ್ಬಗಳ ನಿಯಮ ದೇಶದಿಂದ ದೇಶಕ್ಕೆ ಬೇರೆ, ನಿಮ್ಮಲ್ಲಿ ಗೋಡೆಗೆ ಅಂಟಿಸಿರುವ ಚಾರ್ಟ್ ನೋಡಿಕೊಳ್ಳಿ. ಕಸ ಹುಟ್ಟಿದ ಜಾಗದಲ್ಲೇ ಬೇರೆ ಮಾಡಬೇಕು, ಆಮೇಲೆ ಕೈ ಹಾಕಿ ಆರಿಸುವುದು ಎಲ್ಲೂ ಸಲ್ಲದು.

ಉಪಕರಣಗಳ ವಿಷಯಕ್ಕೆ ಬಂದರೆ, ಅದು ದೇಹದಲ್ಲಿ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಎಷ್ಟು ಶುದ್ಧಿ ಬೇಕು ಅನ್ನುವುದು ನಿರ್ಧಾರವಾಗುತ್ತದೆ. ಅಮೆರಿಕದ ಸೂಕ್ಷ್ಮಜೀವಿ ತಜ್ಞ ಅರ್ಲ್ ಸ್ಪಾಲ್ಡಿಂಗ್ ಮಾಡಿದ ಈ ವಿಂಗಡಣೆಯನ್ನು ಇವತ್ತಿಗೂ ಬಳಸುತ್ತಾರೆ. ರಕ್ತ ಅಥವಾ ಒಳ ಅಂಗಾಂಶಕ್ಕೆ ಹೋಗುವ ಕತ್ತರಿ, ಫೋರ್ಸೆಪ್ಸ್ ಸ್ಟೆರೈಲ್ ಆಗಿರಲೇಬೇಕು. ಬಾಯಿ, ಗಂಟಲು, ಕರುಳಿನ ಒಳಪದರ ತಾಗುವ ಎಂಡೋಸ್ಕೋಪ್, ಲ್ಯಾರಿಂಗೋಸ್ಕೋಪ್ ಬ್ಲೇಡ್‌ಗೆ ಕನಿಷ್ಠ ಮೇಲ್ಮಟ್ಟದ ಡಿಸ್‌ಇನ್ಫೆಕ್ಷನ್ (ಕೆಲವು ಬೀಜಕಣ ಬಿಟ್ಟು ಉಳಿದೆಲ್ಲ ರೋಗಾಣು ಕೊಲ್ಲುವುದು) ಬೇಕು. ಬರೀ ಚರ್ಮಕ್ಕೆ ತಾಗುವ ಸ್ಟೆತ್, ಬಿಪಿ ಕಫ್ ಸ್ಪಿರಿಟ್‌ನಿಂದ ಒರೆಸಿದರೆ ಸಾಕು, ಆದರೆ ಒರೆಸಬೇಕು! ಸ್ಟೆತ್ ವಾರ್ಡಿನ ಎಲ್ಲರ ಎದೆಗೂ ತಾಗಿ ಬರುತ್ತದೆ.

ಬಳಸಿದ ಉಪಕರಣದ ಮೇಲೆ ರಕ್ತ ಒಣಗಲು ಬಿಡಬೇಡಿ. ಮೊದಲು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬ್ರಶ್ ಹಾಕುವಾಗ ಉಪಕರಣ ನೀರಿನ ಒಳಗೇ ಇರಲಿ, ಮುಖಕ್ಕೆ ಹಾರುವುದಿಲ್ಲ. ಕೀಲು, ಹಲ್ಲು, ಕೊಳವೆಯ ಒಳಗೆ ಚೆನ್ನಾಗಿ ಉಜ್ಜಿ. ಆಮೇಲೆ ಆಟೋಕ್ಲೇವ್ (ಒತ್ತಡದ ಉಗಿಯಿಂದ ರೋಗಾಣು ಕೊಲ್ಲುವ ಯಂತ್ರ): ಸಾಮಾನ್ಯ ಯಂತ್ರದಲ್ಲಿ ಬಟ್ಟೆ ಸುತ್ತಿದ ಕಟ್ಟಿಗೆ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ. ಸಮಯ ಲೆಕ್ಕ ಹಾಕುವುದು ಉಷ್ಣತೆ ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದ ಅಲ್ಲ. ಕಿಕ್ಕಿರಿದು ತುಂಬಬೇಡಿ, ಉಗಿ ಎಲ್ಲೆಡೆ ಹೋಗಬೇಕು. ಕಟ್ಟಿಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾದರೆ ಕಟ್ಟು ಯಂತ್ರದೊಳಗೆ ಹೋಗಿ ಬಿಸಿಯಾಗಿದೆ ಅಂತಷ್ಟೇ ಗೊತ್ತಾಗುತ್ತದೆ, ಸ್ಟೆರೈಲ್ ಆಯಿತು ಅಂತ ಅಲ್ಲ. ಅದಕ್ಕೆ ಬೀಜಕಣ ಇರುವ ಬಯಾಲಜಿಕಲ್ ಇಂಡಿಕೇಟರ್ ಇಟ್ಟು ಆಗಾಗ ಪರೀಕ್ಷಿಸಬೇಕು. ಒದ್ದೆಯಾಗಿ ಹೊರಬಂದ ಕಟ್ಟು, ಹರಿದ ಕಟ್ಟು, ನೆಲಕ್ಕೆ ಬಿದ್ದ ಕಟ್ಟು ಮೂರನ್ನೂ ಬಳಸಬೇಡಿ.

ನಿಮ್ಮ ಬಗ್ಗೆ, ಜೊತೆಯವರ ಬಗ್ಗೆ

ಕೈಯಲ್ಲಿ ಗಾಯ ಇದ್ದರೆ ನೀರು ಹೋಗದ ಪಟ್ಟಿ ಹಾಕಿ ಮುಚ್ಚಿ. ಜ್ವರ ಕೆಮ್ಮು ಇದ್ದರೆ, ವಾಂತಿ ಭೇದಿ ಇದ್ದರೆ ತಿಳಿಸಿ ರಜೆ ಹಾಕಿ, ಕಷ್ಟಪಟ್ಟು ಬಂದು ಕೆಲಸ ಮಾಡಿದರೆ ಎದುರಿಗಿರುವವರಿಗೆ ಉಪಕಾರ ಆಗುವುದಿಲ್ಲ. ಫ್ಲೂ ಲಸಿಕೆ ಪ್ರತಿ ವರ್ಷ. ಔಷಧ ತಯಾರಿಸುವ ಜಾಗದಲ್ಲಿ ತಿನ್ನುವುದು ಕುಡಿಯುವುದು ಬೇಡ. ಯೂನಿಫಾರ್ಮ್ ದಿನಾ ಬದಲಿಸಿ, ಬೇರೆ ಬಟ್ಟೆಗಳಿಂದ ಬೇರೆಯಾಗಿ ಒಗೆಯಿರಿ.

ಇನ್ನೊಂದು ಕಷ್ಟದ ವಿಷಯ. ನಿಮಗಿಂತ ಹಿರಿಯರು ಒಬ್ಬ ರೋಗಿಯ ಗಾಯ ಮುಟ್ಟಿ, ಹಾಗೇ ಮುಂದಿನ ಹಾಸಿಗೆಗೆ ಹೊರಟರೆ ಏನು ಮಾಡುತ್ತೀರಿ? ಹೊಸಬರಿಗೆ ಬಾಯಿ ಬರುವುದಿಲ್ಲ, ಅದು ಸಹಜ. ರೌಂಡ್ಸ್‌ನಲ್ಲಿ ಹ್ಯಾಂಡ್‌ರಬ್ ಬಾಟಲಿ ನಿಮ್ಮ ಕೈಯಲ್ಲೇ ಇರಲಿ, ಪ್ರತಿ ಹಾಸಿಗೆ ಬಿಡುವಾಗ ಮೊದಲು ನೀವು ಹಾಕಿಕೊಂಡು ಅವರ ಮುಂದೆ ಹಿಡಿಯಿರಿ, "ಸರ್, ತಗೊಳ್ಳಿ" ಅಂದರೆ ಸಾಕು. ಬಹಳ ಜನ ಮರುಮಾತಿಲ್ಲದೆ ಕೈ ಚಾಚುತ್ತಾರೆ. ಒಂದು ವೇಳೆ ಬೇಡ ಅಂದರೆ ಇನ್‌ಚಾರ್ಜ್ ಸಿಸ್ಟರ್‌ಗೆ ಅಥವಾ ಸೋಂಕು ತಡೆ ನರ್ಸ್‌ಗೆ ಹೇಳಿ, ಇದು ಚಾಡಿ ಅಲ್ಲ, ಹಾಸಿಗೆಯಲ್ಲಿ ಮಲಗಿರುವವರ ಪರವಾಗಿ ಮಾತಾಡುವುದು. ಬಾಟಲಿ ವಾರ್ಡಿನ ಬಾಗಿಲಲ್ಲಿ ಒಂದೇ ಇದೆ, ಅದೂ ಅರ್ಧ ದಿನ ಖಾಲಿ ಇರುತ್ತದೆ ಅಂದರೆ, ಯಾರ ಮೇಲೂ ಸಿಟ್ಟು ಮಾಡುವ ಮೊದಲು ಪ್ರತಿ ಹಾಸಿಗೆಗೂ ಒಂದು ಬಾಟಲಿ ಬೇಕು ಅಂತ ಬರೆದು ಕೊಡಿ, ಖಾಲಿಯಾದಾಗ ತುಂಬಿಸುವುದು ಯಾರ ಕೆಲಸ ಅಂತಲೂ ಅದರಲ್ಲೇ ಬರೆಯಿರಿ.